ಏಣಿಯಿಂದ ಶುರು ಮಾಡಿ

ಪ್ರಿಯ ಲೇಖಕರೇ,

ನಾರ್ವೆಯ ಪಶ್ಚಿಮ ಕರಾವಳಿಯ ಫ್ಯೋರ್ಡ್‌ಗಳ (ಹಿಮನದಿ ಕೆತ್ತಿ, ಆಮೇಲೆ ಕಡಲು ಒಳನುಗ್ಗಿದ ಕಡಿದಾದ ಕಣಿವೆಗಳ) ಬಗ್ಗೆ ನೀವು ಕಳಿಸಿದ 2,400 ಪದಗಳ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಐದನೇ ಪುಟದಲ್ಲಿ ಒಂದು ಏಣಿ ಬರುತ್ತದಲ್ಲ, ಅದನ್ನು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ. ಹಾಗಾಗಿ ಇಷ್ಟುದ್ದ ಬರೆಯುತ್ತಿದ್ದೇವೆ.

ಮೊದಲರ್ಧಕ್ಕೆ ನಿಸರ್ಗ, ಉಳಿದರ್ಧಕ್ಕೆ ಇತಿಹಾಸ ಎಂದು ಹಂಚಿಬಿಟ್ಟಿದ್ದೀರಿ. ಇದೇ ದೊಡ್ಡ ತೊಡಕು. ಜನ ಎಲ್ಲಿ ನೆಲೆ ನಿಲ್ಲಬೇಕು, ಹೇಗೆ ಓಡಾಡಬೇಕು, ಯಾವುದಕ್ಕೆ ಹೆದರಬೇಕು ಎಂಬುದನ್ನೆಲ್ಲ ಅಲ್ಲಿ ಹಿಮನದಿ ಕೆತ್ತಿಟ್ಟ ಬಂಡೆಯೇ ತೀರ್ಮಾನಿಸಿದೆ.

ಫ್ಯೋರ್ಡ್‌ಗೆ ‘ಅಳಿವೆ’ ಎಂಬ ಪದ ಬಳಸಿದ್ದೀರಿ. ನಮ್ಮ ಕರಾವಳಿಯವರಿಗೆ ಅಳಿವೆ ಎಂದರೆ ಹೊಳೆ ಕಡಲು ಸೇರುವ, ಮರಳದಿಬ್ಬ ಏಳುವ ಜಾಗ. ಫ್ಯೋರ್ಡ್ ಎಂದೇ ಬರೆದು ಒಮ್ಮೆ ವಿವರಿಸಿ. ಅದಕ್ಕೆ ಸೋಗ್ನೆಫ್ಯೋರ್ಡ್ ಒಂದೇ ಸಾಕು. ಸುಮಾರು 200 ಕಿ.ಮೀ. ಒಳನಾಡಿಗೆ ಚಾಚಿದೆ. ಒಳಗೆ ಆಳ 1,300 ಮೀಟರ್ ದಾಟುತ್ತದೆ, ಕಡಲು ಸೇರುವ ಬಾಯಲ್ಲಿ 200 ಮೀಟರ್ ಕೂಡ ಇಲ್ಲ. ಕಣಿವೆಯ ಗೋಡೆಗಳ ನಡುವೆ ದಪ್ಪಗೆ ಒತ್ತಿಕೊಂಡಿದ್ದ ಹಿಮ ತಳವನ್ನು ಆಳಕ್ಕೆ ಕೆರೆಯಿತು. ಕರಾವಳಿಯಲ್ಲಿ ಅದು ಹರಡಿ ತೆಳುವಾಯಿತು, ಕೆರೆಯುವ ಬಲ ಕುಂದಿತು. ಹಿಮ ಕರಗಿದ ಮೇಲೆ ಕಡಲು ಒಳಬಂತು. ‘ನದಿ ಕೊರೆದ ಕಣಿವೆ’ ಎಂಬ ನಿಮ್ಮ ಸಾಲು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

‘ಕಣ್ಣಿಗೆ ಹಬ್ಬ’, ‘ಸ್ವರ್ಗವೇ ಧರೆಗಿಳಿದಂತೆ’ ಎರಡನ್ನೂ ತೆಗೆಯಿರಿ. ಗೈರಾಂಗರ್ ಫ್ಯೋರ್ಡ್‌ನ ‘ಏಳು ಸೋದರಿಯರು’ ಜಲಪಾತದ ಅತಿ ಉದ್ದದ ಧಾರೆ ಸುಮಾರು 250 ಮೀಟರ್, ಹೆಚ್ಚುಕಡಿಮೆ ಜೋಗದಷ್ಟೇ ಎಂದರೆ ನಮ್ಮ ಓದುಗರಿಗೆ ಚಿತ್ರ ಸಿಗುತ್ತದೆ.

ಇನ್ನು ಏಣಿ. ಅದೇ ಫ್ಯೋರ್ಡ್‌ನಲ್ಲಿ ನೀರಿನಿಂದ ಸುಮಾರು 250 ಮೀಟರ್ ಮೇಲೆ, ಬಂಡೆಯ ಚಾಚಿನಲ್ಲಿರುವ ಸ್ಕಾಗೆಫ್ಲೋ ಎಂಬ ಒಕ್ಕಲುಮನೆ. ತೆರಿಗೆಯವರು ಬಂದರೆ ಮನೆಯವರು ಏಣಿಯನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದರು. ಲೇಖನ ಇಲ್ಲಿಂದಲೇ ಶುರುವಾಗಲಿ. ಇದು ಅಲ್ಲಿನವರು ಹೇಳಿಕೊಂಡು ಬಂದ ಕತೆ ಎಂಬುದನ್ನು ಮಾತ್ರ ಮರೆಯದೆ ಸೇರಿಸಿ. ಅಂಥ ಕಡೆ ಯಾಕಾದರೂ ಇದ್ದರು ಎಂದು ಓದುಗ ಕೇಳುತ್ತಾನೆ, ನೀವು ಹೇಳಿಲ್ಲ. ಸಮತಟ್ಟು ನೆಲ ಇರುವುದು ಹೊಳೆಗಳು ಮಣ್ಣು ಸುರಿದ ದಡದಲ್ಲಿ ಮಾತ್ರ, ಅದೂ ಅಂಗೈಯಗಲ. ಅಲ್ಲಿ ಜಾಗ ಸಿಗದವರಿಗೆ ಹುಲ್ಲು ಬೆಳೆಯುವ, ಮೇಕೆ ಮೇಯುವ ಈ ಚಾಚುಗಳೇ ಗತಿ.

ಸೋಗ್ನೆಫ್ಯೋರ್ಡ್‌ನ ಕವಲೊಂದರ ಪಕ್ಕದ ಉರ್ನೆಸ್‌ನ ಮರದ ಚರ್ಚನ್ನು ‘ಇಷ್ಟು ದೂರದ ಮೂಲೆಯಲ್ಲಿ’ ಯಾಕೆ ಕಟ್ಟಿದರೋ ಎಂದು ಅಚ್ಚರಿಪಟ್ಟಿದ್ದೀರಿ. ರಸ್ತೆ ನಕ್ಷೆ ಹಿಡಿದರೆ ಹಾಗೆನಿಸುವುದು ಸಹಜ. 12ನೇ ಶತಮಾನದಲ್ಲಿ ಅದನ್ನು ಕಟ್ಟಿದವರಿಗೆ ನೀರೇ ದಾರಿ, ದೋಣಿಯೇ ಬಂಡಿ. ಅವರ ಲೆಕ್ಕದಲ್ಲಿ ಚರ್ಚು ನಿಂತಿರುವುದು ಹೆದ್ದಾರಿಯ ಪಕ್ಕದಲ್ಲೇ.

ತಾಫ್ಯೋರ್ಡ್ ದುರಂತಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ಒಂದು ಪುಟ ಬೇಕು. 1934ರ ಏಪ್ರಿಲ್ 7ರ ನಸುಕಿನಲ್ಲಿ ಬಂಡೆ ಕುಸಿದು ನೀರಿಗೆ ಬಿತ್ತು, 60 ಮೀಟರಿಗೂ ಮೇಲೇರಿದ ಅಲೆಗೆ 40 ಜನ ಸತ್ತರು. ಯಾಕೆ ಎಂಬುದನ್ನೂ ಬಿಡಿಸಿ ಬರೆಯಿರಿ. ಹಿಮನದಿಯು ಕಣಿವೆಯ ಗೋಡೆಗಳನ್ನು ತೀರ ಕಡಿದಾಗಿಸಿ, ಆಮೇಲೆ ತಾನು ಕೊಟ್ಟ ಆಸರೆಯನ್ನೂ ಕಿತ್ತುಕೊಂಡು ಹೋಯಿತು. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಬಂಡೆಯನ್ನು ಸೀಳುತ್ತದೆ. ಕಿರಿದಾದ ಫ್ಯೋರ್ಡ್‌ನಲ್ಲಿ ಅಲೆಗೆ ಹರಡಲು ಜಾಗವಿಲ್ಲ, ದಡ ಹತ್ತುತ್ತದೆ. ಗೈರಾಂಗರ್‌ಗೆ ಹೋಗುವ ದಾರಿಯ ಓಕರ್ನೆಸ್ ಬೆಟ್ಟದ ಬಿರುಕನ್ನು ಇಂದಿಗೂ ಉಪಕರಣಗಳು ಹಗಲಿರುಳು ಅಳೆಯುತ್ತಿವೆ. ಇಲ್ಲಿ ನಿಮ್ಮ ನಿಸರ್ಗವೂ ಇತಿಹಾಸವೂ ತಾವಾಗಿಯೇ ಒಂದಾಗುತ್ತವೆ.

ಸಣ್ಣ ತಪ್ಪುಗಳು: 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಗೈರಾಂಗರ್ ಮತ್ತು ಸೋಗ್ನೆಯ ಒಂದು ಕವಲಾದ ನ್ಯಾರಾಯ್‌ಫ್ಯೋರ್ಡ್, ಇಡೀ ಸೋಗ್ನೆ ಸೇರಿಲ್ಲ. ‘ಫ್ಯೋರ್ಡನ್’ ಎಂದು ಬರೆಯಬೇಡಿ, ಕೊನೆಯ ‘ಅನ್’ ನಾರ್ವೇಜಿಯನ್ ಪ್ರತ್ಯಯ. ‘ಜಿರಾಂಜರ್’ ಅಲ್ಲ, ಗೈರಾಂಗರ್.

1,500 ಪದಕ್ಕೆ ಇಳಿಸಿ ಮತ್ತೆ ಕಳಿಸಿ. ಹಾಗೇ ಕೊನೆಯ ಫೋಟೊದ ಕೆಳಗಿನ ‘ಸೋಗ್ನೆಯ ನಡುರಾತ್ರಿ ಸೂರ್ಯ’ ಎಂಬ ಅಡಿಬರಹವನ್ನೂ ತಿದ್ದಿ. ಸೋಗ್ನೆ ಇರುವುದು 61 ಡಿಗ್ರಿ ಅಕ್ಷಾಂಶದಲ್ಲಿ, ನಡುರಾತ್ರಿ ಸೂರ್ಯ ಕಾಣಲು ತಲುಪಬೇಕಾದ ಆರ್ಕ್ಟಿಕ್ ವೃತ್ತ ಇನ್ನೂ ಐದೂವರೆ ಡಿಗ್ರಿ ಉತ್ತರಕ್ಕಿದೆ. ಜೂನ್‌ನಲ್ಲೂ ಅಲ್ಲಿ ಸೂರ್ಯ ಮುಳುಗುತ್ತಾನೆ, ಮಬ್ಬು ಬೆಳಕು ಮಾತ್ರ ಬೆಳಗಿನವರೆಗೂ ಆರುವುದಿಲ್ಲ.

– ಸಂಪಾದಕರು