ಸಂಪಾದಕರ ಉತ್ತರ: ‘ಅಸಲಿ’ ಎಂಬ ಪದದ ತಕರಾರು

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಕಾಗದ ತಲುಪಿತು. ಕೋಪದಲ್ಲಿ ಬರೆದಿದ್ದೀರಿ, ಆದರೆ ಕಾರಣವಿಲ್ಲದ ಕೋಪ ಅಲ್ಲ. ಕಳೆದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಸ್ಪಿಟ್‌ಫೈರ್ ಎನ್3200ರ ಚಿತ್ರದ ಕೆಳಗೆ ‘1940ರ ಅಸಲಿ ಯುದ್ಧವಿಮಾನ’ ಎಂದು ಹಾಕಿದ್ದೆವು. ಅದಕ್ಕೆ ನೀವು ಕೇಳಿದ್ದು ಇಷ್ಟು: 46 ವರ್ಷ ಕಡಲ ಮರಳಲ್ಲಿ ಹೂತಿದ್ದ ವಿಮಾನದಲ್ಲಿ ಹಾರೋಕೆ ಯೋಗ್ಯವಾದದ್ದು ಏನು ಉಳಿದಿರುತ್ತದೆ? ಹಳೇ ಲೋಹ ಅರ್ಧಕ್ಕಿಂತ ಕಡಿಮೆ ಇದ್ದರೆ ಅದು ನಕಲು ಅಲ್ವಾ? ನಕಲನ್ನು ಅಸಲಿ ಅನ್ನುವ ಪತ್ರಿಕೆಯನ್ನು ಯಾಕೆ ಓದಬೇಕು?

ಆ ಸಾಲು ಬರೆದವನು ನಾನೇ. ಬೇರೆ ಯಾರ ಮೇಲೂ ಹಾಕುವಂತಿಲ್ಲ. ಸಾಲು ತಪ್ಪು, ಒಪ್ಪಿದೆ. ನಿಮ್ಮ ಅರ್ಧದ ಲೆಕ್ಕವನ್ನು ಮಾತ್ರ ಒಪ್ಪಲಾರೆ.

ಮೊದಲು ಈ ವಿಮಾನದ ಕಥೆ. 1940ರ ಮೇ 26, ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಬ್ರಿಟಿಷ್ ಸೈನಿಕರನ್ನು ಪಾರು ಮಾಡುತ್ತಿದ್ದ ದಿನಗಳು. ಎನ್3200ನ್ನು ಹಾರಿಸುತ್ತಿದ್ದವರು ಬ್ರಿಟಿಷ್ ವಾಯುಪಡೆಯ 19ನೇ ಸ್ಕ್ವಾಡ್ರನ್ನಿನ (ವಿಮಾನ ತುಕಡಿಯ) ನಾಯಕ ಜೆಫ್ರಿ ಸ್ಟೀಫನ್‌ಸನ್. ಗುಂಡು ತಗುಲಿದ ಮೇಲೆ ಫ್ರಾನ್ಸಿನ ಸಾಂಗಾಟ್ ಕಡಲ ದಂಡೆಯಲ್ಲಿ ಅದನ್ನು ಹೊಟ್ಟೆ ಊರಿ ಇಳಿಸಿದರು. ಅವರು ಜರ್ಮನರಿಗೆ ಸೆರೆಸಿಕ್ಕರು, ವಿಮಾನವನ್ನು ಮರಳು ನುಂಗಿತು. 1986ರಲ್ಲಿ ಅಗೆದು ತೆಗೆದರು. 2014ರಲ್ಲಿ ಮತ್ತೆ ಹಾರಿತು. ಈಗ ಇಂಗ್ಲೆಂಡಿನ ಡಕ್ಸ್‌ಫರ್ಡ್‌ನ ಯುದ್ಧ ಮ್ಯೂಸಿಯಂನಲ್ಲಿದೆ.

ನಿಮ್ಮ ಅನುಮಾನ ಸರಿ, ಅದರ ಮೈಯ ಬಹುಪಾಲು ತಗಡು ಹೊಸದು. ಉಪ್ಪುನೀರು ಕುಡಿದ ಅಲ್ಯೂಮಿನಿಯಂ ಮಿಶ್ರಲೋಹ ಮೇಲೆ ಚೆನ್ನಾಗಿ ಕಂಡರೂ ಒಳಗೆ ಪದರ ಪದರವಾಗಿ ಬಿಟ್ಟುಕೊಂಡಿರುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಸ್ಪಾರ್, ಅಂದರೆ ರೆಕ್ಕೆಯ ಒಳಗಿನ ಉದ್ದ ತೊಲೆ. ಸ್ಪಿಟ್‌ಫೈರ್‌ನ ಮುಖ್ಯ ಸ್ಪಾರ್‌ನಲ್ಲಿ ಐದು ಚೌಕ ಕೊಳವೆಗಳನ್ನು ಒಂದರೊಳಗೊಂದು ತೂರಿಸಿರುತ್ತಾರೆ. ಬುಡದಲ್ಲಿ ಐದೂ ಇರುತ್ತವೆ, ತುದಿಗೆ ಹೋಗುತ್ತ ಕಡಿಮೆಯಾಗುತ್ತವೆ. ಒಳಗಿನ ಕೊಳವೆ ತುಕ್ಕು ಹಿಡಿದಿದೆಯೋ ಇಲ್ಲವೋ ಹೊರಗಿಂದ ಕಾಣುವುದಿಲ್ಲ. ಹಳೇದು ಅನ್ನುವ ಪ್ರೀತಿಗೆ ಅದನ್ನೇ ಉಳಿಸಿಕೊಂಡು ಮೇಲೆ ಹಾರುವವರು ಯಾರು? ಚೆನ್ನಾಗಿ ನೋಡಿಕೊಂಡ ವಿಮಾನಗಳಿಗೂ ಈ ಭಯ ತಪ್ಪಿದ್ದಲ್ಲ. 2023ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ, ಅದೇ ಯುದ್ಧಕಾಲದ ಬಿ-17 ಬಾಂಬರ್‌ಗಳ ರೆಕ್ಕೆ ಸ್ಪಾರ್‌ನ ಜೋಡಣೆಗಳನ್ನು ಪರೀಕ್ಷೆ ಮಾಡಲೇಬೇಕು ಎಂದು ಆದೇಶ ಕೊಟ್ಟಿತು.

ಹಾರಬೇಕು ಅನ್ನುವುದು ಒಂದು ಆಸೆ, ಹಾಗೇ ಉಳಿಯಬೇಕು ಅನ್ನುವುದು ಇನ್ನೊಂದು. ಒಂದೇ ವಿಮಾನದಲ್ಲಿ ಎರಡನ್ನೂ ಪೂರ್ತಿ ತೀರಿಸಿಕೊಳ್ಳೋಕೆ ಆಗುವುದಿಲ್ಲ. ಹಳೇ ವಿಮಾನದ ಹುಚ್ಚಿರುವ ನಮ್ಮ ಜಗಳಗಳಲ್ಲಿ ಜಾಸ್ತಿಯವು ಶುರುವಾಗುವುದು ಇಲ್ಲೇ. (ಉಳಿದವು ವಿಮಾನಕ್ಕೆ ಬಳಿಯುವ ಹಸಿರು ಯಾವ ಛಾಯೆಯದ್ದು ಅನ್ನುವ ಬಗ್ಗೆ. ಅದಕ್ಕೆ ನಾನು ಬರುವುದಿಲ್ಲ.)

ಈಗ ನಿಮ್ಮ ಅರ್ಧದ ಲೆಕ್ಕ. ಅದೇ ಯುದ್ಧದ ಬ್ರಿಟಿಷ್ ವಿಮಾನ ಮಸ್ಕಿಟೋ ತಗೊಳ್ಳಿ. ಅದರ ಮೈ ಮರದ್ದು: ಬರ್ಚ್ ಪ್ಲೈವುಡ್‌ನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರ, ಎಲ್ಲವೂ ಅಂಟಿನ ಮೇಲೆ ನಿಂತದ್ದು. ನೀರು ಹೊಕ್ಕರೆ ಅಂಟು ಬಿಡುತ್ತದೆ, ಮರ ಕೊಳೆಯುತ್ತದೆ. ಕೆಎ114 ಎಂಬ ಮಸ್ಕಿಟೋವನ್ನು ನ್ಯೂಜಿಲೆಂಡಿನಲ್ಲಿ ಮತ್ತೆ ಕಟ್ಟಿ 2012ರಲ್ಲಿ ಹಾರಿಸಿದರು. ಅದಕ್ಕಾಗಿ ಮೊದಲು ಮರದ ಮೈಗೆ ಆಕಾರ ಕೊಡುವ ಅಚ್ಚುಗಳನ್ನೇ ಹೊಸದಾಗಿ ಮಾಡಬೇಕಾಯಿತು. ಮರವೆಲ್ಲ ಹೊಸದು, ಹಳೇದು ಅಂತ ಬಂದದ್ದು ಲೋಹದ ಭಾಗಗಳು. ನಿಮ್ಮ ಲೆಕ್ಕದಲ್ಲಿ ಇದು ನಕಲು. ಹಾಗಾದರೆ ಸೋವಿಯತ್ ಯುದ್ಧವಿಮಾನ ಯಾಕ್-3ರ ಕಥೆ ಏನು? 1990ರ ದಶಕದಲ್ಲಿ ಅದನ್ನು ಮತ್ತೆ ತಯಾರಿಸಿದ್ದು ಅದೇ ಯಾಕೊವ್ಲೆವ್ ಕಂಪನಿ, ಆದರೆ ಕೂರಿಸಿದ್ದು ಅಮೆರಿಕದ ಆಲಿಸನ್ ಎಂಜಿನ್. ತಯಾರಕರು ಅಸಲಿ, ವಿಮಾನ ಹೊಸದು, ಎಂಜಿನ್ ಬೇರೆ ದೇಶದ್ದು. ಇದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಇನ್ನು ರೈಟ್ ಸಹೋದರರ ಮೊದಲ ವಿಮಾನ, 1903ರ ಫ್ಲೈಯರ್. ಅದನ್ನು ನಕಲು ಅನ್ನುವ ಧೈರ್ಯ ನಿಮಗೂ ಇಲ್ಲ, ನನಗೂ ಇಲ್ಲ. ಹಾರಿದ ದಿನವೇ ಗಾಳಿಗೆ ಉರುಳಿ ಮುರಿಯಿತು. 1913ರಲ್ಲಿ ಅವರ ಊರು ಡೇಟನ್‌ನ ಪ್ರವಾಹದಲ್ಲಿ ಕೆಸರಲ್ಲಿ ಮುಳುಗಿತು. 1927ರಲ್ಲಿ ರೆಕ್ಕೆಗೆ ಹೊದಿಸಿದ್ದ ಬಟ್ಟೆ ಬದಲಾಯಿತು, 1985ರಲ್ಲಿ ಮತ್ತೆ ಬದಲಾಯಿತು. ಇವತ್ತು ಮ್ಯೂಸಿಯಂನಲ್ಲಿ ಜನ ಬೆರಗಾಗಿ ನೋಡುವ ರೆಕ್ಕೆಯ ಬಟ್ಟೆ ಆ ದಿನ ಹಾರಿದ್ದಲ್ಲ. ಹಾರಿದ ಬಟ್ಟೆಯ ಒಂದು ತುಂಡು 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಜೊತೆ ಚಂದ್ರನವರೆಗೆ ಹೋಗಿ ಬಂತು! ಆದರೂ ಇದರ ಬಗ್ಗೆ ಯಾರೂ ಮೋಸ ಅನ್ನುವುದಿಲ್ಲ. ಯಾಕೆಂದರೆ ಯಾವಾಗ ಏನು ಬದಲಾಯಿತು ಅನ್ನುವುದು ಬರೆದಿಟ್ಟಿದೆ, ಕೇಳಿದವರಿಗೆ ಹೇಳುತ್ತಾರೆ.

ನಾನು ನೋಡುವುದು ಇದನ್ನೇ. ಏನು ತೆಗೆದರು, ಏನು ಹಾಕಿದರು, ತೆಗೆದದ್ದು ಎಲ್ಲಿದೆ ಅನ್ನುವ ದಾಖಲೆ ಇದೆಯಾ? ತೂಕದ ಲೆಕ್ಕ ಆಮೇಲೆ. ತಯಾರಕರ ಡೇಟಾ ಪ್ಲೇಟ್, ಅಂದರೆ ವಿಮಾನದ ಗುರುತಿನ ಸಂಖ್ಯೆ ಇರುವ ಚಿಕ್ಕ ತಗಡು, ಒಂದನ್ನೇ ಇಟ್ಟುಕೊಂಡು ಸುತ್ತ ಇಡೀ ವಿಮಾನ ಕಟ್ಟುವವರಿದ್ದಾರೆ. ಹಾಗೆಂದು ಬಾಯಿಬಿಟ್ಟು ಹೇಳಿದರೆ ನನ್ನ ತಕರಾರಿಲ್ಲ. ಹೇಳದೆ ಮಾರಿದರೆ ಇದೆ.

ನಿಮ್ಮ ಕಾಗದದಲ್ಲಿ ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಆಶ್ಚರ್ಯ ಆದದ್ದು ಅದಕ್ಕೇ. ತಗಡು ಹೊಸದಾದರೆ ಸಿಟ್ಟಾಗುವ ನಾವು, ವಿಮಾನ ಇನ್ನೊಂದರ ವೇಷ ಹಾಕಿದರೆ ಚಪ್ಪಾಳೆ ತಟ್ಟುತ್ತೇವೆ.

ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಬಹಳ ಕಾಲ ಹಾರಿಸಿದ ಬಿ-24 ಲಿಬರೇಟರ್ ಬಾಂಬರ್ ನೋಡಿ. ಕಟ್ಟಿದ್ದು ಅಮೆರಿಕದಲ್ಲಿ, ಯುದ್ಧದಲ್ಲಿ ಬಳಸಿದ್ದು ಬ್ರಿಟಿಷ್ ವಾಯುಪಡೆ. ಯುದ್ಧ ಮುಗಿದಾಗ ಬ್ರಿಟಿಷರು ಲಿಬರೇಟರ್‌ಗಳನ್ನು ಮತ್ತೆ ಹಾರದ ಹಾಗೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದರು. ಆ ಗುಜರಿಯಿಂದಲೇ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಸುಮಾರು 40 ವಿಮಾನಗಳನ್ನು ಎಬ್ಬಿಸಿ ನಿಲ್ಲಿಸಿದರು. ಭಾರತೀಯ ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು. ಜಗತ್ತಿನಲ್ಲಿ ಇಂದು ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ಹೀಗೆ ಉಳಿದವು. ಕಾಲಿಂಗ್ಸ್ ವಿಮಾನವೂ ಅದರಲ್ಲೊಂದು. ಆದರೆ 1989ರಲ್ಲಿ ಮತ್ತೆ ಹಾರಿದ ಮೇಲೆ ಅದು ಹೊತ್ತದ್ದು ಅಮೆರಿಕದ ಬಾಂಬರ್‌ಗಳ ಹೆಸರು: ಮೊದಲು ‘ಆಲ್ ಅಮೆರಿಕನ್’, 1998ರಲ್ಲಿ ‘ಡ್ರ್ಯಾಗನ್ ಅಂಡ್ ಹಿಸ್ ಟೇಲ್’, 2005ರಲ್ಲಿ ‘ವಿಚ್‌ಕ್ರಾಫ್ಟ್’. ನಿಜವಾದ ವಿಚ್‌ಕ್ರಾಫ್ಟ್ ಯುರೋಪಿನ ಮೇಲೆ 130 ಬಾರಿ ದಾಳಿಗೆ ಹೋಗಿ ಬಂದ ವಿಮಾನ. ಯುದ್ಧ ಮುಗಿದ ಮೇಲೆ ಗುಜರಿಗೆ ಹೋಯಿತು.

ಯಾಕೆ ಹೀಗೆ ಮಾಡುತ್ತಾರೆ ಅನ್ನುವುದು ನನಗೂ ಗೊತ್ತು. ಆ ಬಾಂಬರ್‌ಗಳಲ್ಲಿ ಹಾರಿದವರು, ಅವರ ಮಕ್ಕಳು ಬಂದು ನಿಂತು ಅಳುತ್ತಾರೆ. ಅದು ಸುಳ್ಳು ಅಳು ಅಲ್ಲ. ಆದರೆ ಈ ವಿಮಾನದ ಸ್ವಂತ ಬದುಕು, ಗುಜರಿಯಿಂದ ಎದ್ದು ಇಪ್ಪತ್ತು ವರ್ಷ ದುಡಿದ ಬದುಕು, ಬಣ್ಣದ ಕೆಳಗೆ ಹೋಯಿತು. ಅದರ ಲೋಹದ ಬಗ್ಗೆ ನೀವು ತಕರಾರು ತೆಗೆಯುವಂತಿಲ್ಲ. ಆದರೂ ನನ್ನ ಕಣ್ಣಿಗೆ ಅದು ಎನ್3200ಕ್ಕಿಂತ ಕಡಿಮೆ ಅಸಲಿ.

ಒಂದು ಕಡೆ ಮಾತ್ರ ನಾನು ನಿಮಗಿಂತ ಕಠಿಣ. ಯಾರೂ ಮುಟ್ಟದೆ ಉಳಿದ ವಿಮಾನವನ್ನು ಚಂದ ಮಾಡೋಕೆ ಹೋಗಬಾರದು. 1942ರಲ್ಲಿ ಸಹಾರಾದಲ್ಲಿ ಇಳಿದ ಒಂದು ಕಿಟ್ಟಿಹಾಕ್ ಯುದ್ಧವಿಮಾನ, 2012ರಲ್ಲಿ ಸಿಕ್ಕಾಗ ಹೆಚ್ಚುಕಡಿಮೆ ಇಡಿಯಾಗಿತ್ತು. ಬಿಸಿಲಿಗೆ ಬಣ್ಣ ಹಾರಿತ್ತು, ಅಷ್ಟೇ. ಆಮೇಲೆ ಅದಕ್ಕೆ ಹೊಸ ಬಣ್ಣ ಬಳಿದು ಈಜಿಪ್ಟಿನ ಎಲ್ ಅಲಮೈನ್ ಮ್ಯೂಸಿಯಂನಲ್ಲಿ ನಿಲ್ಲಿಸಿದರು. ಎಪ್ಪತ್ತು ವರ್ಷ ಮರುಭೂಮಿ ಕಾಪಾಡಿದ್ದನ್ನು ಕೆಲವು ಡಬ್ಬ ಬಣ್ಣ ಮುಗಿಸಿಬಿಟ್ಟಿತು. ಇದಕ್ಕೆ ತದ್ವಿರುದ್ಧ ಲಂಡನ್ನಿನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂನ ಹ್ಯಾಲಿಫ್ಯಾಕ್ಸ್ ಡಬ್ಲ್ಯೂ1048 ಬಾಂಬರ್. 1973ರಲ್ಲಿ ನಾರ್ವೆಯ ಸರೋವರದಿಂದ ಎತ್ತಿದ್ದನ್ನು ಹೊಳಪು ಕೊಡದೆ, ಮುರುಕಲಾಗಿಯೇ ಇಟ್ಟಿದ್ದಾರೆ. ಮೊದಲ ಸಲ ಅದರ ಫೋಟೋ ನೋಡಿದಾಗ ಇದನ್ನ್ಯಾಕೆ ರಿಪೇರಿ ಮಾಡಿಲ್ಲ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ಚಂದಾ ನಿಲ್ಲಿಸುತ್ತೇನೆ ಎಂದಿದ್ದೀರಿ. ಮುಂದಿನ ಸಂಚಿಕೆ ನೋಡಿ ತೀರ್ಮಾನ ಮಾಡಿ. ಅದರಲ್ಲಿ ಎನ್3200ರ ಚಿತ್ರವನ್ನು ಮತ್ತೆ ಹಾಕುತ್ತಿದ್ದೇವೆ. ಕೆಳಗಿನ ಸಾಲು ಹೀಗಿರುತ್ತದೆ: ‘1940ರಲ್ಲಿ ಸಾಂಗಾಟ್ ದಂಡೆಯಲ್ಲಿ ಇಳಿದು, 1986ರಲ್ಲಿ ಹೊರಬಂದ ಸ್ಪಿಟ್‌ಫೈರ್ ಎನ್3200. ಬಹುಪಾಲು ಹೊಸ ಲೋಹದಲ್ಲಿ ಮತ್ತೆ ಕಟ್ಟಿ 2014ರಲ್ಲಿ ಹಾರಿಸಿದ್ದು.’ ಇಷ್ಟುದ್ದದ ಸಾಲು ಹಿಡಿಸುವುದಿಲ್ಲ ಅಂತ ಪುಟ ವಿನ್ಯಾಸ ಮಾಡುವವರು ಗೊಣಗುತ್ತಿದ್ದಾರೆ. ಚಿತ್ರವನ್ನೇ ಸ್ವಲ್ಪ ಚಿಕ್ಕದು ಮಾಡಿ ಅಂದಿದ್ದೇನೆ.

— ಸಂಪಾದಕ