ನೇಣುಗಂಬದ ನೋಟು

ಪ್ರಶ್ನೆ: 1819ರ ಇಂಗ್ಲೆಂಡಿನ ನೋಟೊಂದರ ಚಿತ್ರವನ್ನು ಕಲಾ ಪುಸ್ತಕವೊಂದರಲ್ಲಿ ನೋಡಿದೆ. ಥೇಟ್ ಬ್ಯಾಂಕಿನ ನೋಟು, ಆದರೆ ನಡುವೆ ನೇಣಿಗೇರಿದವರ ಸಾಲು! ಇದು ಖೋಟಾ ನೋಟಲ್ಲವೇ? ಮಾಡಿದವರಿಗೆ ಶಿಕ್ಷೆಯಾಗಲಿಲ್ಲವೇ?

ಉತ್ತರ: ಅದು ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್ ರಚಿಸಿ, ವಿಲಿಯಂ ಹೋನ್ ಪ್ರಕಟಿಸಿದ ‘ಬ್ಯಾಂಕ್ ರಿಸ್ಟ್ರಿಕ್ಷನ್ ನೋಟ್’. ಅದರಿಂದ ಯಾರನ್ನೂ ವಂಚಿಸುವ ಉದ್ದೇಶವಿರಲಿಲ್ಲ. ಹಾಗಾಗಿ ಅದು ಖೋಟಾ ನೋಟಲ್ಲ.

ಫ್ರಾನ್ಸಿನ ಜೊತೆ ಯುದ್ಧ ನಡೆಯುತ್ತಿದ್ದ 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿ (ಹೆಸರಿನಲ್ಲಿರುವ ‘ರಿಸ್ಟ್ರಿಕ್ಷನ್’ ಈ ನಿರ್ಬಂಧವೇ), ಒಂದು ಮತ್ತು ಎರಡು ಪೌಂಡಿನ ನೋಟುಗಳನ್ನು ಹೊರಡಿಸಿತು. ಅಲ್ಲಿಯವರೆಗೆ ನೋಟನ್ನೇ ಮುಟ್ಟಿರದ ಬಡವರ ಕೈಗೂ ಅವು ಬಂದವು. ಒಂದೇ ಮಗ್ಗುಲಿಗೆ ಕಪ್ಪು ಶಾಯಿಯಲ್ಲಿ ಅಚ್ಚಾದ ಆ ಸಾದಾ ಕಾಗದವನ್ನು ನಕಲು ಮಾಡುವುದು ಸುಲಭವಾಗಿತ್ತು. ನಕಲಿ ಎಂದು ತಿಳಿದೂ ಅದನ್ನು ಚಲಾಯಿಸಿದರೆ ಮರಣದಂಡನೆ. 1797ರಿಂದ 1821ರವರೆಗೆ ಮುನ್ನೂರಕ್ಕೂ ಹೆಚ್ಚು ಜನರನ್ನು ಇದಕ್ಕಾಗಿ ಗಲ್ಲಿಗೇರಿಸಿದರು. ಸುಲಭವಾಗಿ ನಕಲಾಗುವ ನೋಟನ್ನು ಅಚ್ಚು ಹಾಕಿದ್ದು ಬ್ಯಾಂಕು, ಪ್ರಾಣ ತೆತ್ತದ್ದು ಬಹುಪಾಲು ಬಡವರು. ಇದು ಘೋರ ಅನ್ಯಾಯ.

ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಎದುರು ನೇತಾಡುತ್ತಿದ್ದ ಹೆಂಗಸರನ್ನು ಕಂಡು ತಾನು ಈ ಚಿತ್ರ ಬರೆದೆ ಎಂದು ಕ್ರೂಕ್‌ಶ್ಯಾಂಕ್ ಮುಂದೆ ಹೇಳಿಕೊಂಡ. ಪುಸ್ತಕ ಕೈಯಲ್ಲಿದ್ದರೆ ಮತ್ತೊಮ್ಮೆ ನೋಡಿ. ಪೌಂಡಿನ ಚಿಹ್ನೆ ನೇಣಿನ ಹಗ್ಗದ್ದು. ಮುದ್ರೆಯಲ್ಲಿ ಬ್ರಿಟನ್ನಿನ ಸಂಕೇತವಾದ ಸ್ತ್ರೀ ಬ್ರಿಟಾನಿಯಾ ತನ್ನ ಕೂಸನ್ನೇ ತಿನ್ನುತ್ತಿದ್ದಾಳೆ. ಸಹಿ ಹಾಕಿರುವುದು ಜೆ. ಕೆಚ್, ಅಂದರೆ ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದ ಗಲ್ಲಿಗನ ಹೆಸರು. ನೋಟಿನ ಮೇಲೆ ಬ್ಯಾಂಕು ಹಣ ಕೊಡುವ ವಚನ ನೀಡಿದರೆ, ಇಲ್ಲಿ ಈ ಗಲ್ಲಿಗ ತನ್ನ ಕೆಲಸ ನಡೆಸಿಕೊಡುವ ವಚನ ನೀಡುತ್ತಾನೆ. ಬರಿಯ ವ್ಯಂಗ್ಯಚಿತ್ರಕ್ಕೆ ಈ ಬಲ ಬರುತ್ತಿರಲಿಲ್ಲ. ನೋಟನ್ನು ಅನುಕರಿಸುವುದು ಎಷ್ಟು ಸಲೀಸು ಎಂಬುದಕ್ಕೆ ಈ ಅಣಕವೇ ಸಾಕ್ಷಿಯಾಯಿತು.

ಲಡ್ಗೇಟ್ ಹಿಲ್‌ನಲ್ಲಿದ್ದ ಹೋನ್‌ನ ಅಂಗಡಿಗೆ ಜನ ಮುಗಿಬಿದ್ದರು. ಶಿಕ್ಷೆಯಿರಲಿ, ಮೊಕದ್ದಮೆಯೂ ನಡೆಯಲಿಲ್ಲ. ಪ್ರಾರ್ಥನಾ ಪಠ್ಯಗಳನ್ನು ಅಣಕಿಸಿದ್ದಕ್ಕೆ 1817ರಲ್ಲಿ ಹೋನ್‌ನನ್ನು ಮೂರು ದಿನ ಸತತವಾಗಿ ವಿಚಾರಣೆಗೆ ಒಳಪಡಿಸಿ, ಮೂರರಲ್ಲೂ ಸರ್ಕಾರ ಸೋತಿತ್ತು. ಆ ಮುಖಭಂಗವೂ ಅವನನ್ನು ಕಾಪಾಡಿರಬೇಕು ಎಂದು ನನ್ನ ಊಹೆ.

ಈ ಚಿತ್ರದಿಂದಲೇ ನೇಣು ನಿಂತಿತು ಎಂಬ ಕ್ರೂಕ್‌ಶ್ಯಾಂಕ್‌ನ ಮಾತನ್ನು ಮಾತ್ರ ನಂಬಬೇಡಿ. 1821ರಲ್ಲಿ ಬ್ಯಾಂಕು ಮತ್ತೆ ಚಿನ್ನ ಕೊಡತೊಡಗಿತು. ಆದರೂ ಖೋಟಾ ದಾಖಲೆಯ ಅಪರಾಧಕ್ಕೆ ಕೊನೆಯ ನೇಣು ಬಿದ್ದದ್ದು 1829ರಲ್ಲಿ. ಕಾನೂನಿನಿಂದ ಆ ಶಿಕ್ಷೆ ಪೂರ್ತಿ ಅಳಿಸಿಹೋಗಲು 1837 ಬರಬೇಕಾಯಿತು.