ದಾಲ್ ಮಿಲ್‌ನಲ್ಲಿ ಏಳು ವರ್ಷ ದುಡಿದೆ, ಬಾಯಿಮಾತಲ್ಲೇ ತೆಗೆದರು. ಕೈಯಲ್ಲಿ ಕಾಗದ ಇಲ್ಲ, ಏನಾದರೂ ಸಿಗುತ್ತಾ?

ಅಣ್ಣಾ, ಮೊದಲು ಮಿಲ್‌ನವರು ನಿಮ್ಮಿಂದ ಸಹಿ ಕೇಳುತ್ತಿರುವ ಆ ಖಾಲಿ ಬಾಂಡ್ ಪೇಪರ್ ವಿಷಯ. ಸಹಿ ಹಾಕಬೇಡಿ. ‘ಸಹಿ ಹಾಕಿದರೇನೇ ಎರಡು ತಿಂಗಳ ಪಗಾರ’ ಅಂತ ಎಷ್ಟು ಸಲ ಹೇಳಿದರೂ ಹಾಕಬೇಡಿ. ಆ ಕಾಗದದ ಮೇಲೆ ನಾಳೆ ‘ನಾನೇ ಖುಷಿಯಿಂದ ಕೆಲಸ ಬಿಟ್ಟೆ, ಲೆಕ್ಕ ಎಲ್ಲಾ ಚುಕ್ತಾ ಆಯ್ತು’ ಅಂತ ಟೈಪ್ ಆಗುತ್ತದೆ. ಪಗಾರ ಕೊಟ್ಟರೆ ತಗೊಳ್ಳಿ. ‘ಇಂಥ ತಿಂಗಳ ಪಗಾರ ಇಷ್ಟು ಬಂತು, ಉಳಿದ ಬಾಕಿ ಇದೆ’ ಅಂತ ನಿಮ್ಮ ಕೈಯಿಂದಲೇ ಬರೆದು ಸಹಿ ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಈಗಾಗಲೇ ಎಲ್ಲಾದರೂ ಸಹಿ ಹಾಕಿದ್ದರೆ ಎದೆ ಒಡೆದುಕೊಳ್ಳಬೇಡಿ, ಕಾನೂನಿನ ಪ್ರಕಾರ ಬರಬೇಕಾದ ಪಗಾರ ಬಿಟ್ಟುಕೊಡುತ್ತೇನೆ ಅಂತ ಬರೆಸಿಕೊಂಡ ಕರಾರಿಗೆ ಬೆಲೆ ಇಲ್ಲ. ಆದರೆ ಅದನ್ನು ಕೋರ್ಟಲ್ಲಿ ಬಿಡಿಸುವಷ್ಟರಲ್ಲಿ ಸುಮ್ನೆ ಕಾಲ ಹೋಗುತ್ತದೆ.

ನೀವು ಬರೆದದ್ದನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ. ಕಲಬುರಗಿಯ ಕಪನೂರ ಕಡೆಯ ಮಿಲ್‌ನಲ್ಲಿ ಏಳು ವರ್ಷ ಮಷಿನ್ ನಡೆಸಿದ್ದೀರಿ, ಸುಮಾರು 25 ಜನ ಕೆಲಸಗಾರರು, ತಿಂಗಳಿಗೆ 13,000, ಅದೂ ನಗದು. ಕೆಲಸಕ್ಕೆ ಸೇರಿಸಿಕೊಂಡ ಆರ್ಡರ್ ಕಾಪಿ ಕೊಟ್ಟಿಲ್ಲ. ಹೋದ ತಿಂಗಳು ಸೂಪರ್‌ವೈಸರ್ ಗೇಟಿನಲ್ಲೇ ‘ನಾಳೆಯಿಂದ ಬರಬೇಡ’ ಅಂದ. ಎರಡು ತಿಂಗಳ ಪಗಾರ ಬಾಕಿ. ಕೇಳಕ್ಕೆ ಹೋದರೆ ‘ನಿನ್ನ ಹತ್ತಿರ ಏನು ಪುರಾವೆ ಇದೆ’ ಅಂತಾರೆ.

ನಾನು ವಕೀಲ ಅಲ್ಲ, ಕಾರ್ಮಿಕ ಸಂಘದವನು. ಮಿಲ್‌ನವರಿಗೆ, ಹಮಾಲರಿಗೆ, ಸೇಡಂ ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಗುತ್ತಿಗೆ ಮೇಲೆ ದುಡಿಯುವವರಿಗೆ ಅರ್ಜಿ ಬರೆದುಕೊಡುತ್ತಾ ಬಂದಿದ್ದೇನೆ. ಆ ಪುರಾವೆಯ ಮಾತು ಕೇಳಿಯೇ ಎಷ್ಟೋ ಜನ ಮನೆಗೆ ಹೋಗಿ ಕೂತುಬಿಡುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮದು ಒಂದು ಕೇಸ್ ಅಲ್ಲ, ಎರಡು. ಒಂದು ಪಗಾರದ್ದು, ಇನ್ನೊಂದು ಕೆಲಸದಿಂದ ತೆಗೆದದ್ದು. ಪುರಾವೆಯ ಭಾರ ಎರಡರಲ್ಲೂ ಒಂದೇ ಥರ ಇಲ್ಲ.

ಪಗಾರದ್ದು ನಿಮಗೆ ಹಗುರ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು, ಅಂದರೆ ಕಾರ್ಮಿಕರ ಹೊಸ ಕಾನೂನುಗಳು, ಜಾರಿಗೆ ಬಂದಿವೆ. ಅದರಲ್ಲಿ ವೇತನದ ಸಂಹಿತೆ ಪ್ರಕಾರ, ಕೆಲಸದಿಂದ ತೆಗೆದರೂ ಸರಿ, ನೀವೇ ಬಿಟ್ಟರೂ ಸರಿ, ಬಾಕಿ ಪಗಾರ ಎರಡು ಕೆಲಸದ ದಿನದೊಳಗೆ ಕೊಡಬೇಕು. ಕೊಟ್ಟಿಲ್ಲ ಅಂತ ನೀವು ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಅಂತ ತೋರಿಸುವ ಹೊಣೆ ಮಾಲೀಕನ ಮೇಲೆ. ಅರ್ಜಿ ಹಾಕಲು ಮೂರು ವರ್ಷ ಟೈಮ್ ಇದೆ. ಕೊಡದೇ ಸತಾಯಿಸಿದ್ದಕ್ಕೆ ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ಹಾಕುವ ಅಧಿಕಾರ ಆ ಅರ್ಜಿ ಕೇಳುವ ಅಧಿಕಾರಿಗಿದೆ. ಹಾಗೇ 13,000 ಅನ್ನೋದು ನಿಮ್ಮ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನಕ್ಕಿಂತ ಕಮ್ಮಿ ಇದೆಯಾ ಅಂತ ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಕಮ್ಮಿ ಇದ್ದರೆ ವ್ಯತ್ಯಾಸವನ್ನೂ ಅದೇ ಅರ್ಜಿಯಲ್ಲಿ ಕೇಳಬಹುದು.

ಕೆಲಸದಿಂದ ತೆಗೆದದ್ದು ಹಾಗಲ್ಲ. ಇಲ್ಲಿ ಭಾರ ನಿಮ್ಮ ಮೇಲೆ. ತೆಗೆದದ್ದಕ್ಕೆ ಪರಿಹಾರ ಕೇಳಬೇಕಂದರೆ, ತೆಗೆದ ದಿನದ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದೀರಿ ಅಂತ ನೀವೇ ತೋರಿಸಬೇಕು. 2002ರಲ್ಲಿ ನಮ್ಮ ಕರ್ನಾಟಕದ ಅರಣ್ಯ ಇಲಾಖೆಯ ಒಂದು ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು, ಕೆಲಸಗಾರ ಬರೀ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಹಾಕಿದರೆ ಸಾಲದು ಅಂತ. ಅದಕ್ಕೇ ಇವತ್ತೇ ಮನೆಯಲ್ಲಿ ಹುಡುಕಿ. ‘ನಾಳೆ ಬೇಗ ಬಾ, ಲೋಡ್ ಇದೆ’ ಅಂತ ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜ್, ಮುನೀಮ ಫೋನ್‌ಪೇಯಲ್ಲಿ ಹಾಕಿದ ಅಡ್ವಾನ್ಸ್, ಮಷಿನ್ ಮುಂದೆ ನಿಂತು ತೆಗೆಸಿಕೊಂಡ ಫೋಟೋ, ನಿಮ್ಮ ಸಹಿ ಇರುವ ತೂಕದ ಚೀಟಿ, ಇಎಸ್‌ಐ ಕಾರ್ಡ್, ಗೇಟ್ ಪಾಸ್, ಏನೇ ಇರಲಿ. ಮೆಸೇಜ್ ಡಿಲೀಟ್ ಮಾಡಬೇಡಿ, ಆ ಫೋನ್ ಮಾರಬೇಡಿ. ಜೊತೆಗೆ ದುಡಿದವರು, ಅದರಲ್ಲೂ ಈಗ ಆ ಮಿಲ್ ಬಿಟ್ಟವರು, ಸಾಕ್ಷಿ ಹೇಳುತ್ತಾರಾ ಕೇಳಿ. ಹಾಜರಿ ಪುಸ್ತಕ ಮತ್ತು ಪಗಾರದ ರಿಜಿಸ್ಟರ್ ತರಿಸಿ ಅಂತ ನೀವು ಕೋರ್ಟಿಗೆ ಅರ್ಜಿ ಕೊಡಬಹುದು. ಮಾಲೀಕ ತರದೇ ಹೋದರೆ ಅದನ್ನು ಅವನ ವಿರುದ್ಧ ಎಣಿಸುವ ಅಧಿಕಾರ ಕೋರ್ಟಿಗಿದೆ. ಮತ್ತೆ 240 ದಿನ ಅಂದರೆ ಪಗಾರ ಕೊಟ್ಟ ಭಾನುವಾರ, ಹಬ್ಬದ ರಜೆಯೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಬಹಳ ಜನ ಬಿಟ್ಟೇ ಎಣಿಸುತ್ತಾರೆ.

ಈಗ ಮಾಲೀಕ ಏನು ಹೇಳುತ್ತಾನೆ ಅಂತ ನನಗೆ ಗೊತ್ತು. ‘ನಾನು ತೆಗೆದಿಲ್ಲ, ಅವನೇ ಬರೋದು ಬಿಟ್ಟ.’ ಬಾಯಿಮಾತಲ್ಲಿ ತೆಗೆಯೋದೇ ಇದಕ್ಕೆ. ಈ ದಾರಿ ಮುಚ್ಚಬೇಕಂದರೆ ಈ ವಾರವೇ ಒಂದು ಪತ್ರ ಬರೆಯಿರಿ, ದೊಡ್ಡ ಭಾಷೆ ಬೇಡ. ಇಂಥ ವರ್ಷದಿಂದ ನಿಮ್ಮ ಮಿಲ್‌ನಲ್ಲಿ ಈ ಕೆಲಸ ಮಾಡುತ್ತಿದ್ದೇನೆ, ಇಂಥ ತಾರೀಖು ಗೇಟಿನಲ್ಲಿ ನನ್ನನ್ನು ವಾಪಸ್ ಕಳಿಸಿದರು, ನಾನು ಈಗಲೂ ಕೆಲಸಕ್ಕೆ ಬರಲು ತಯಾರಿದ್ದೇನೆ, ಬಾಕಿ ಪಗಾರ ಕೊಡಿ. ಇಷ್ಟೇ. ಕಾಪಿ ಇಟ್ಟುಕೊಂಡು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಮಾಲೀಕ ತಗೊಳ್ಳದೇ ಕವರ್ ವಾಪಸ್ ಬಂದರೆ ಒಡೆಯಬೇಡಿ, ಹಾಗೇ ಇಡಿ, ಅದೂ ಪುರಾವೆ. ಕಳ್ಳತನ ಮಾಡಿದ, ಜಗಳ ಮಾಡಿದ ಅಂತ ಹೊಸ ಕಥೆ ಕಟ್ಟಿದರೆ, ಆರೋಪ ಬರವಣಿಗೆಯಲ್ಲಿ ಕೊಟ್ಟು ವಿಚಾರಣೆ ನಡೆಸಿದ್ದೀರಾ ಅಂತ ಕೇಳಿ.

ದುಡ್ಡಿನ ಲೆಕ್ಕ ನೋಡಿ. ಬಾಕಿ ಪಗಾರ 26,000. ಒಂದು ತಿಂಗಳ ನೋಟಿಸ್ ಕೊಡದೆ ತೆಗೆದದ್ದಕ್ಕೆ 13,000. ಪೂರ್ತಿ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಪರಿಹಾರ, ಅಂದರೆ ಅರ್ಧ ತಿಂಗಳಂತೆ ಏಳು ವರ್ಷಕ್ಕೆ 45,500. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಬೇರೆ. ಹತ್ತು ಜನ ಇಲ್ಲಾ ಅದಕ್ಕಿಂತ ಜಾಸ್ತಿ ಇರುವ ಕಡೆ ಐದು ವರ್ಷ ದುಡಿದವರಿಗೆ ಅದು ಬರಲೇಬೇಕು. ಪಗಾರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500, ಏಳು ವರ್ಷಕ್ಕೆ 52,500. ಎಲ್ಲಾ ಸೇರಿ 1,37,000. ನಿಮ್ಮ ಕೈಗೆ ಎರಡು ತಿಂಗಳ ಪಗಾರ ಇಟ್ಟು ಸಹಿ ಕೇಳುತ್ತಿರೋದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ. ‘ನಮ್ಮದು ತೊಗರಿ ಸೀಸನ್ ಮಿಲ್’ ಅಂತ ವಾದ ಮಾಡಬಹುದು, ಸೀಸನ್ ಕೆಲಸಕ್ಕೆ ಗ್ರಾಚ್ಯುಟಿ ಸೀಸನ್‌ಗೆ ಏಳು ದಿನದ್ದು ಮಾತ್ರ. ವರ್ಷವಿಡೀ ಮಿಲ್ ನಡೆದಿದ್ದರೆ ಮಳೆಗಾಲದ ತಿಂಗಳುಗಳ ಮೆಸೇಜ್, ಚೀಟಿ ಜೋಡಿಸಿಡಿ.

ಪಿಎಫ್ ಕೂಡ ನೋಡಿ. 20 ಜನ ಇದ್ದರೆ ಪಿಎಫ್ ಕಡ್ಡಾಯ. ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಹೆಸರಲ್ಲಿ ಖಾತೆ ಇದೆಯಾ ಚೆಕ್ ಮಾಡಿ, ಇದ್ದರೆ ಅದೇ ದೊಡ್ಡ ಪುರಾವೆ. ಇಲ್ಲದಿದ್ದರೆ ಕಲಬುರಗಿಯಲ್ಲೇ ಇರುವ ಪಿಎಫ್ ಕಚೇರಿಗೆ ದೂರು ಕೊಡಿ. ಮಾಲೀಕ ಕಟ್ಟದೇ ಬಿಟ್ಟ ಹಳೆಯ ಹಣವನ್ನು ನಿಮ್ಮ ಪಗಾರದಿಂದ ಹಿಡಿಯುವ ಹಾಗಿಲ್ಲ.

ತೆಗೆದ ವಿಷಯಕ್ಕೆ ಮೊದಲ ಅರ್ಜಿ ಕಾರ್ಮಿಕ ಅಧಿಕಾರಿಗೆ. ಅವರು ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ, ಅದಕ್ಕೆ 45 ದಿನ. ಆಗದಿದ್ದರೆ ಆ ವರದಿ ಬಂದ 90 ದಿನದೊಳಗೆ ಕೋರ್ಟಿಗೆ. ತೆಗೆದ ವಿಷಯದ ಈ ಮೊದಲ ಅರ್ಜಿಗೆ ಹಿಂದೆ ಮೂರು ವರ್ಷ ಟೈಮ್ ಇತ್ತು, ಹೊಸ ಸಂಹಿತೆಯಲ್ಲಿ ಎರಡೇ ವರ್ಷ, ಹಳೆಯವರ ಮಾತು ಕೇಳಿ ತಡ ಮಾಡಬೇಡಿ. ಬೆಂಗಳೂರಿಗೆ ಓಡಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಕಾರ್ಮಿಕ ನ್ಯಾಯಾಲಯ ಇಲ್ಲೇ ಇದೆ, ಮುಂದೆ ಹೈಕೋರ್ಟ್‌ಗೆ ಹೋದರೂ ಪೀಠ ಕಲಬುರಗಿಯಲ್ಲೇ ಇದೆ. ವಕೀಲರ ಫೀಸ್‌ಗೆ ಸಾಲ ಮಾಡಬೇಡಿ. ಕೈಗಾರಿಕಾ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾಯ್ದೆಯೇ ಹೇಳುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ.

ಕೆಲಸ ವಾಪಸ್ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲ್ಲ. ಈಗೀಗ ಕೋರ್ಟ್‌ಗಳು ಇಂಥ ಕೇಸ್‌ಗಳಲ್ಲಿ ಕೆಲಸಕ್ಕಿಂತ ಒಟ್ಟು ಮೊತ್ತದ ಪರಿಹಾರ ಕೊಡೋದೇ ಜಾಸ್ತಿ. ಹಾಗಾಗಿ ಕೇಸ್ ಮುಗಿಯುವವರೆಗೆ ಬೇರೆ ಕಡೆ ದುಡಿಯಬಹುದಾ ಅನ್ನೋ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೌದು, ದುಡಿಯಿರಿ, ಮನೆ ನಡೀಬೇಕಲ್ಲ. ಮುಚ್ಚಿಡಬೇಡಿ, ಕೇಳಿದರೆ ಎಲ್ಲಿ, ಎಷ್ಟಕ್ಕೆ ಅಂತ ನಿಜ ಹೇಳಿ. ಕೆಲಸ ಇಲ್ಲದ ದಿನಗಳ ಪಗಾರ ಕೇಳುವಾಗ ಅದರಲ್ಲಿ ಸ್ವಲ್ಪ ಕಮ್ಮಿ ಆಗಬಹುದು, ಬಾಕಿ ಪಗಾರಕ್ಕೂ ಗ್ರಾಚ್ಯುಟಿಗೂ ಅದರಿಂದ ಏನೂ ತೊಂದರೆ ಇಲ್ಲ.